ಸಂಬಳ ಏರಿದ ಮೇಲೂ ಮನೆಗೆ ಹೋಗದವರು

ಪ್ರಶ್ನೆ: ಪೋಲೆಂಡಿನ ಗ್ದಾನ್ಸ್ಕ್ ಊರಿಗೆ ಕೆಲಸಕ್ಕೆಂದು ಬಂದು ಎರಡು ವರ್ಷವಾಯಿತು. ಇಲ್ಲಿನ ಹಳೇ ಶಿಪ್‌ಯಾರ್ಡ್ ಮುಂದೆ ಮೂರು ಭಾರಿ ಶಿಲುಬೆಗಳಿವೆ. ಯಾವಾಗ ಹೋದರೂ ಹೂವು, ದೀಪ ಇದ್ದೇ ಇರುತ್ತವೆ. ಸೊಲಿದಾರ್ನೋಶ್ಚ್ (ಸೊಲಿಡಾರಿಟಿ) ಎಂಬ ಒಂದು ಯೂನಿಯನ್ನಿಗೆ ಇಷ್ಟೊಂದು ಮರ್ಯಾದೆ ಯಾಕೆ? ನಮ್ಮಪ್ಪ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಇದ್ದವರು. 1980-81ರ ದೊಡ್ಡ ಸ್ಟ್ರೈಕಿನಲ್ಲಿ ಸಂಬಳ ಬಾರದೆ ದಿನಸಿ ಅಂಗಡಿಯಲ್ಲಿ ಸಾಲ ಬರೆಸಿದ್ದನ್ನು ಅಮ್ಮ ಈಗಲೂ ನೆನೆಸಿಕೊಳ್ಳುತ್ತಾರೆ. ಅಪ್ಪನ ಯೂನಿಯನ್ನಿಗೆ ಯಾರೂ ಒಂದು ಕಲ್ಲೂ ನೆಡಲಿಲ್ಲ. ಹಾಗಾದರೆ ಇಲ್ಲಿ ಆಗಿದ್ದೇನು? ಬರುವ ಆಗಸ್ಟ್ 31ಕ್ಕೆ ನಾವು ನಾಲ್ಕಾರು ಕನ್ನಡದವರು ಹೋಗಿ ಹೂವಿಡೋಣ ಎಂದುಕೊಂಡಿದ್ದೇವೆ. ಹೊರಗಿನವರು ಹೀಗೆ ಮಾಡಬಹುದಾ? ಏನು ತಿಳಿದುಕೊಂಡು ಹೋಗಬೇಕು?

ಉತ್ತರ: ಧಾರಾಳವಾಗಿ ಹೋಗಿ. ಯಾರೂ ತಡೆಯುವುದಿಲ್ಲ. ಆದರೆ ಮೊದಲು ಒಂದು ವಿಷಯ ಸರಿಮಾಡಿಕೊಳ್ಳೋಣ. ಆ ಮೂರು ಶಿಲುಬೆಗಳು ನೀವು ಅಂದುಕೊಂಡ ಹಾಗೆ ಯೂನಿಯನ್ನಿನ ಗೆಲುವಿಗೆ ಕಟ್ಟಿದ್ದಲ್ಲ. ಅದಕ್ಕೂ ಹತ್ತು ವರ್ಷ ಮೊದಲು ಸತ್ತವರಿಗಾಗಿ, ಯೂನಿಯನ್ನೇ ಹಟ ಹಿಡಿದು ಕಟ್ಟಿಸಿದ್ದು. ಇಡೀ ಕಥೆಯ ಬೇರು ಅಲ್ಲಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1970ರ ಡಿಸೆಂಬರ್. ಕ್ರಿಸ್‌ಮಸ್ಸಿಗೆ ಇನ್ನು ಎರಡು ವಾರವೂ ಇರಲಿಲ್ಲ. ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಮಾಂಸ ಮತ್ತಿತರ ಆಹಾರದ ಬೆಲೆ ಏರಿಸಿತು. ನಮ್ಮಲ್ಲಿ ಯುಗಾದಿ ಹತ್ತು ದಿನ ಇದೆ ಎನ್ನುವಾಗ ಬೇಳೆ, ಬೆಲ್ಲ, ಎಣ್ಣೆ ಮೂರಕ್ಕೂ ಒಟ್ಟಿಗೆ ಬೆಲೆ ಏರಿದರೆ ಹೇಗಿರುತ್ತದೆ ಹೇಳಿ? ಬಾಲ್ಟಿಕ್ ಕರಾವಳಿಯ ಊರುಗಳಲ್ಲಿ ಕೆಲಸಗಾರರು ಬೀದಿಗೆ ಇಳಿದರು. ಸೈನ್ಯ ಗುಂಡು ಹಾರಿಸಿತು. ಗ್ದಾನ್ಸ್ಕ್ ಶಿಪ್‌ಯಾರ್ಡಿನ 2ನೇ ಗೇಟಿನ ಎದುರೇ ಜನ ಸತ್ತರು. ಪಕ್ಕದ ಗ್ದಿನ್ಯಾದಲ್ಲಿ ಡಿಸೆಂಬರ್ 17ರ ಬೆಳಿಗ್ಗೆ ರೈಲಿಳಿದು ಕೆಲಸಕ್ಕೆ ನಡೆದು ಹೋಗುತ್ತಿದ್ದವರ ಮೇಲೆ ಗುಂಡು ಬಿತ್ತು. ಕೆಲಸಕ್ಕೆ ವಾಪಸ್ ಬನ್ನಿ ಎಂದು ಹಿಂದಿನ ದಿನ ಸರ್ಕಾರವೇ ಕರೆದಿತ್ತು, ಅದನ್ನು ನಂಬಿ ಬಂದವರು ಅವರು. ಒಟ್ಟು 40ಕ್ಕೂ ಹೆಚ್ಚು ಜನ ಹೋದರು. ಅನೇಕರನ್ನು ರಾತ್ರೋರಾತ್ರಿ, ಗುಟ್ಟಾಗಿ ಹೂಳಿದರು. ಆಮೇಲೆ ಅವರ ನೆನಪಿಗೆ ಬಹಿರಂಗವಾಗಿ ಒಂದು ದೀಪ ಹಚ್ಚುವುದೂ ಅಪರಾಧದಂತೆ ಆಯಿತು.

ಆದರೂ ಕೆಲವರು ಪ್ರತಿ ಡಿಸೆಂಬರಿನಲ್ಲಿ ಗೇಟಿನ ಹತ್ತಿರ ಬಂದು ಹೂವಿಟ್ಟು ಹೋಗುತ್ತಿದ್ದರು. ಕೆಲವು ವರ್ಷ ಹೂವಿಗಿಂತ ಪೊಲೀಸರೇ ಜಾಸ್ತಿ. 1979ರ ಡಿಸೆಂಬರಿನಲ್ಲಿ ಅಲ್ಲಿ ಸೇರಿದ್ದವರ ಎದುರು ಕೆಲಸ ಕಳೆದುಕೊಂಡಿದ್ದ ಒಬ್ಬ ಎಲೆಕ್ಟ್ರಿಷಿಯನ್ ನಿಂತು ಮಾತಾಡಿದ. ಸರ್ಕಾರ ಸ್ಮಾರಕ ಕಟ್ಟದಿದ್ದರೆ ಮುಂದಿನ ವರ್ಷ ಪ್ರತಿಯೊಬ್ಬರೂ ಒಂದೊಂದು ಕಲ್ಲು ತನ್ನಿ, ನಾವೇ ಕಟ್ಟೋಣ ಎಂದ. ಆತನೇ ಲೆಖ್ ವಾವೆನ್ಸಾ. ನಮ್ಮ ಪತ್ರಿಕೆಗಳು 'ವಾಲೆಸಾ' ಎಂದು ಬರೆದು ರೂಢಿಯಾಗಿದೆ. ನೀವು ಗ್ದಾನ್ಸ್ಕ್‌ಗೆ ವಿಮಾನದಲ್ಲಿ ಬಂದಿದ್ದರೆ ಇಳಿದದ್ದೇ ಅವರ ಹೆಸರಿನ ನಿಲ್ದಾಣದಲ್ಲಿ.

ಈಗ ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ. ಬೆಂಗಳೂರಿನ ಆ ಸ್ಟ್ರೈಕು 77 ದಿನ ನಡೆಯಿತು. ಸುಮ್ನೆ ಅಲ್ಲ. ಅಲ್ಲೂ ಸರ್ಕಾರವೇ ಮಾಲೀಕ, ಪೋಲೆಂಡಿನಲ್ಲೂ ಸರ್ಕಾರವೇ ಮಾಲೀಕ. ಹಾಗಾದರೆ ವ್ಯತ್ಯಾಸ ಎಲ್ಲಿ? ನಿಮ್ಮಪ್ಪನಿಗೆ ತನ್ನದೇ ಯೂನಿಯನ್ ಇತ್ತು. ಗೇಟ್ ಮೀಟಿಂಗ್ ಮಾಡಬಹುದಿತ್ತು, ಬಾವುಟ ಹಿಡಿಯಬಹುದಿತ್ತು, ಪೇಪರಿನಲ್ಲಿ ಸುದ್ದಿ ಬರುತ್ತಿತ್ತು. ಸರ್ಕಾರ ಇಷ್ಟವಾಗದಿದ್ದರೆ ಓಟು ಇತ್ತು. ಪೋಲೆಂಡಿನಲ್ಲೂ ಯೂನಿಯನ್ ಇತ್ತು, ಹೆಚ್ಚುಕಡಿಮೆ ಎಲ್ಲರೂ ಸದಸ್ಯರೇ. ಆದರೆ ಅದನ್ನು ನಡೆಸುತ್ತಿದ್ದದ್ದು ಆಳುವ ಪಕ್ಷ. ರಜೆಗೆ ವಿಶ್ರಾಂತಿಧಾಮದ ಚೀಟಿ ಹಂಚುವುದು, ಚಳಿಗಾಲಕ್ಕೆ ಆಲೂಗಡ್ಡೆ ಹಂಚುವುದು ಇಂಥದ್ದೇ ಅದರ ಕೆಲಸ. ಜಗಳ ಬಂದರೆ ಅದು ಮ್ಯಾನೇಜ್‌ಮೆಂಟ್ ಪಕ್ಕ ನಿಲ್ಲುತ್ತಿತ್ತು. ಇನ್ನೊಂದು ಯೂನಿಯನ್ ಕಟ್ಟುವ ಹಾಗಿರಲಿಲ್ಲ. ಬೇರೆ ಪೇಪರಿಲ್ಲ, ಬೇರೆ ಪಕ್ಷಕ್ಕೆ ನಿಜವಾದ ಓಟಿಲ್ಲ.

ಅಂಥ ಕಡೆ 'ನಮಗೆ ನಮ್ಮದೇ ಯೂನಿಯನ್ ಬೇಕು' ಎಂದು ಕೇಳಿದರೆ ಅದು ಸಂಬಳದ ಮಾತಾಗಿ ಉಳಿಯುವುದಿಲ್ಲ. ಪಕ್ಷದ ಅಪ್ಪಣೆ ಇಲ್ಲದೆ ನಾಲ್ಕು ಜನ ಸೇರುವ ಹಕ್ಕನ್ನೇ ಕೇಳಿದ ಹಾಗೆ. ಅದರ ಮೇಲೆ ಆ ಸರ್ಕಾರ ಆಳುತ್ತಿದ್ದದ್ದೇ ಕಾರ್ಮಿಕರ ಹೆಸರಲ್ಲಿ. ಶಿಪ್‌ಯಾರ್ಡಿನ ಹೆಸರೂ ಲೆನಿನ್ ಶಿಪ್‌ಯಾರ್ಡ್. ಯಾರ ಹೆಸರು ಹೇಳಿಕೊಂಡು ಆಳುತ್ತಿದ್ದರೋ ಅವರೇ ಬಾಗಿಲು ಹಾಕಿಕೊಂಡು ಕೂತರೆ ಏನು ಉತ್ತರ ಕೊಡುವುದು? ಪೋಲೆಂಡಿನಲ್ಲಿ ಹಾಗೆಯೇ ಆಯಿತು.

1980ರ ಜುಲೈನಲ್ಲಿ ಮಾಂಸದ ಬೆಲೆ ಮತ್ತೆ ಏರಿತು. ಲುಬ್ಲಿನ್ ಕಡೆ ಮುಷ್ಕರಗಳು ಶುರುವಾದವು. ಗ್ದಾನ್ಸ್ಕ್‌ನಲ್ಲಿ ಕಿಡಿ ಹೊತ್ತಿಸಿದ್ದು ಮಾತ್ರ ಒಬ್ಬ ಹೆಂಗಸಿನ ಕೆಲಸದ ವಿಷಯ. ಆನ್ನಾ ವಾಲೆಂಟಿನೋವಿಚ್. (ಹೆಸರು ಆನ್ನಾ, ನಮ್ಮ ಅಣ್ಣ ಅಲ್ಲ.) 1929ರಲ್ಲಿ ಹುಟ್ಟಿದವರು, ಯುದ್ಧದಲ್ಲಿ ಅನಾಥರಾದವರು. 1950ರಿಂದ ಇದೇ ಶಿಪ್‌ಯಾರ್ಡಿನಲ್ಲಿ ದುಡಿದರು. ಮೊದಲು ವೆಲ್ಡರ್, ಆಮೇಲೆ ಕ್ರೇನ್ ಆಪರೇಟರ್. ನ್ಯಾಯ ಕೇಳುವ ಬಾಯಿ. 1978ರಲ್ಲಿ ಕರಾವಳಿಯಲ್ಲಿ ಕೆಲವರು ಸರ್ಕಾರದ ಅಪ್ಪಣೆ ಇಲ್ಲದೆ ಸ್ವತಂತ್ರ ಯೂನಿಯನ್ ಶುರು ಮಾಡಿದಾಗ ಅದರಲ್ಲೂ ಇದ್ದರು. 1970ರಲ್ಲಿ ಸತ್ತವರ ನೆನಪಿಗೆ ಮೇಣದಬತ್ತಿ ಮಾಡಲು ಸ್ಮಶಾನದಲ್ಲಿ ಉರಿದು ಉಳಿದ ಮೇಣದ ತುಂಡುಗಳನ್ನು ಆರಿಸುತ್ತಿದ್ದರಂತೆ. ಅದಕ್ಕೆ ಕಳ್ಳತನದ ಆರೋಪ ಹೊರಿಸಿದ್ದರು ಎಂದು ಹೇಳುತ್ತಾರೆ. ಆಗಸ್ಟ್ 7ರಂದು ಅವರನ್ನು ಕೆಲಸದಿಂದ ತೆಗೆದರು. ನಿವೃತ್ತಿಗೆ ಐದೇ ತಿಂಗಳು ಬಾಕಿ.

ಆಗಸ್ಟ್ 14ರ ಬೆಳಗಿನ ಜಾವ ಬೊಗ್ದಾನ್ ಬೊರುಸೆವಿಚ್ ಎಂಬ ಸಂಘಟಕ ಮತ್ತು ಅವನ ಗೆಳೆಯರು ಅಚ್ಚು ಹಾಕಿಸಿದ್ದ ಕರಪತ್ರಗಳು ಕೆಲಸಗಾರರ ಕೈ ಸೇರಿದವು. ಆನ್ನಾ ಅವರನ್ನು ವಾಪಸ್ ತೆಗೆದುಕೊಳ್ಳಿ ಎಂಬುದೇ ಅದರ ಮಾತು. ಶಿಪ್‌ಯಾರ್ಡಿನ ಒಳಗೆ ಮೂವರು ಹುಡುಗರು ಮುಷ್ಕರ ಶುರು ಮಾಡಿಸಿದರು. ಸ್ವಲ್ಪ ಹೊತ್ತಿನಲ್ಲಿ ವಾವೆನ್ಸಾ ಗೋಡೆ ಹಾರಿ ಒಳಗೆ ಬಂದರು. ಈ ಗೋಡೆ ಹಾರಿದ ಕಥೆ ಲೋಕಪ್ರಸಿದ್ಧ. ಎಲ್ಲಿ ಹಾರಿದರು, ಹೇಗೆ ಹಾರಿದರು, ನಿಜವಾಗಿ ಹಾರಿದರಾ ಎಂದು ಪೋಲೆಂಡಿನವರು ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಆ ಗೋಡೆಯಲ್ಲಿ ಅಷ್ಟು ಆಸಕ್ತಿ ಇಲ್ಲ. ಕಾರ್ಮಿಕ ಚರಿತ್ರೆ ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುವುದು ಎರಡು ದಿನ ಬಿಟ್ಟು ಆದ ಸಂಗತಿಯನ್ನು.

ಆಗಸ್ಟ್ 16, ಶನಿವಾರ. ಮ್ಯಾನೇಜ್‌ಮೆಂಟ್ ಮಣಿಯಿತು. ಸಂಬಳ ಏರಿಕೆಗೆ ಒಪ್ಪಿಗೆ. ಆನ್ನಾ ಮತ್ತು ವಾವೆನ್ಸಾ ಇಬ್ಬರಿಗೂ ಕೆಲಸ ವಾಪಸ್. 1970ರವರಿಗೆ ಸ್ಮಾರಕ ಕಟ್ಟಲೂ ಒಪ್ಪಿಗೆ. ಇನ್ನೇನು ಬೇಕು? ವಾವೆನ್ಸಾ ಮುಷ್ಕರ ಮುಗಿಯಿತು ಎಂದು ಘೋಷಿಸಿದರು. ಜನ ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟರು. ಮೂರು ದಿನದಿಂದ ಮನೆ ಕಂಡಿಲ್ಲ, ಯಾರಿಗೆ ತಾನೇ ಹೋಗಬೇಕು ಅನಿಸುವುದಿಲ್ಲ?

ಆದರೆ ಅಷ್ಟರಲ್ಲಿ ಶಿಪ್‌ಯಾರ್ಡನ್ನು ನಂಬಿ ಊರಿನ ಸಣ್ಣಪುಟ್ಟ ಕಾರ್ಖಾನೆಗಳು, ಬಸ್ಸು, ಟ್ರಾಮುಗಳವರೂ ಕೆಲಸ ನಿಲ್ಲಿಸಿದ್ದರು. ಹಿಂದಿನ ದಿನ ಹೆನ್ರಿಕಾ ಕ್ಷಿವೊನೊಸ್ ಎಂಬ ಟ್ರಾಮ್ ಚಾಲಕಿ ನಡುಬೀದಿಯಲ್ಲಿ ತನ್ನ ಟ್ರಾಮ್ ನಿಲ್ಲಿಸಿ ಮುಂದೆ ಹೋಗುವುದಿಲ್ಲ ಎಂದಿದ್ದರು. ಅವರಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ದೊಡ್ಡವರು ತಮ್ಮ ಪಾಲು ತೆಗೆದುಕೊಂಡು ಹೋದರೆ ನಾವು ಸತ್ತೆವು, ಟ್ಯಾಂಕಿನ ಎದುರು ಬಸ್ಸು ನಿಲ್ಲುತ್ತದಾ ಎಂದು ಕ್ಷಿವೊನೊಸ್ ಕೂಗಾಡಿದರು. ಒಳಗಿನ ಧ್ವನಿವರ್ಧಕಗಳನ್ನು ಆಗಲೇ ಬಂದ್ ಮಾಡಿದ್ದರು. ಆನ್ನಾ ಮತ್ತು ಶಿಪ್‌ಯಾರ್ಡಿನ ನರ್ಸ್ ಅಲಿನಾ ಪ್ಯೆನ್ಕೊವ್ಸ್ಕಾ ಗೇಟುಗಳ ಹತ್ತಿರ ಓಡಿದರು. ಗೇಟು ಹಾಕಿಸಿ, ಹೊರಟವರನ್ನು ಬೇಡಿಕೊಂಡರು, ಬೈದರು, ನಿಲ್ಲಿಸಿದರು. ವಾವೆನ್ಸಾ ಕೂಡ ತಿರುಗಿ ಬಂದು ಮುಷ್ಕರ ಮುಂದುವರಿಯುತ್ತದೆ ಎಂದರು. ಸಾವಿರಾರು ಜನರಲ್ಲಿ ಆ ಸಂಜೆ ಉಳಿದವರು ಸ್ವಲ್ಪವೇ ಜನ. ಆದರೆ ಉಳಿದರು.

ನನ್ನ ಲೆಕ್ಕದಲ್ಲಿ ಆ ಚಳವಳಿ ಹುಟ್ಟಿದ್ದು ಆ ಸಂಜೆ. ಅದರ ಹೆಸರು 'ಸೊಲಿದಾರ್ನೋಶ್ಚ್', ಒಗ್ಗಟ್ಟು ಎಂದರ್ಥ. ಕನ್ನಡದಲ್ಲಿ ನಾವು ಒಗ್ಗಟ್ಟು ಅನ್ನುವಾಗ ನಮ್ಮ ನಮ್ಮೊಳಗಿನ ಒಗ್ಗಟ್ಟು ಎಂದೇ ತಿಳಿಯುತ್ತೇವೆ. ಅಲ್ಲಿ ಆಗಿದ್ದು ಬೇರೆ. ತನಗೆ ಸಿಗಬೇಕಾದ್ದು ಸಿಕ್ಕಮೇಲೂ, ಸಿಗದ ಪಕ್ಕದವನಿಗಾಗಿ ನಿಲ್ಲುವುದು. ಅದೂ ನಾಯಕನೇ ಮನೆಗೆ ಹೋಗಿ ಎಂದ ಮೇಲೆ.

ಆಮೇಲೆ ಎಲ್ಲಾ ಬೇಗ ಬೇಗ ನಡೆಯಿತು. ಆ ರಾತ್ರಿಯೇ ಬೇರೆ ಬೇರೆ ಕಾರ್ಖಾನೆಗಳ ಜಂಟಿ ಸಮಿತಿ ಆಯಿತು. ತಿಂಗಳ ಕೊನೆಗೆ ಅದರಲ್ಲಿ 700ಕ್ಕೂ ಹೆಚ್ಚು ಕಾರ್ಖಾನೆ, ಕಚೇರಿಗಳು. ಸಮಿತಿಯ 21 ಬೇಡಿಕೆಗಳನ್ನು ಪ್ಲೈವುಡ್ ಹಲಗೆಗಳ ಮೇಲೆ ಕೈಯಲ್ಲಿ ಬರೆದು 2ನೇ ಗೇಟಿಗೆ ತೂಗುಹಾಕಿದರು. ಪಕ್ಷದ ಹಿಡಿತವಿಲ್ಲದ ಯೂನಿಯನ್ ಮೊದಲನೆಯದು, ಮುಷ್ಕರದ ಹಕ್ಕು ಎರಡನೆಯದು, ಮಾತಿನ ಮತ್ತು ಪತ್ರಿಕೆಯ ಸ್ವಾತಂತ್ರ್ಯ ಮೂರನೆಯದು. ಕೆಳಗೆ ಬರುತ್ತಾ ಶಿಶುವಿಹಾರದಲ್ಲಿ ಜಾಗ, ಮಾಂಸಕ್ಕೆ ರೇಷನ್ ಕೂಪನ್, ಮನೆ ಹಂಚಿಕೆಗೆ ಕಾಯುವ ವರ್ಷಗಳು ಕಡಿಮೆಯಾಗಲಿ, ಶನಿವಾರ ರಜೆ. ಒಂದೇ ಪಟ್ಟಿಯಲ್ಲಿ ಪತ್ರಿಕಾ ಸ್ವಾತಂತ್ರ್ಯವೂ ಇದೆ, ಮಾಂಸದ ಕೂಪನ್ನೂ ಇದೆ. ಓದು ಬಲ್ಲವರು ಬರೆದು ಕೊಟ್ಟ ಪ್ರಣಾಳಿಕೆ ಅಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮುಂದೆ ಸರ್ಕಾರ ಯೂನಿಯನ್ನನ್ನು ನಿಷೇಧಿಸಿದಾಗ ಈ ಹಲಗೆಗಳನ್ನು ಬಚ್ಚಿಟ್ಟು ಉಳಿಸಿಕೊಂಡರು. 2003ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಮುಷ್ಕರದ ಒಳಗೆ ಕುಡಿತ ನಿಷೇಧ. ಹೊರಗಿನಿಂದ ಬೇಲಿಯ ಸಂದಿಯಲ್ಲಿ ಬ್ರೆಡ್ಡು, ಹಣ್ಣು, ಸಿಗರೇಟು ಬರುತ್ತಿತ್ತು. ಗೇಟಿನ ತುಂಬಾ ಹೂವು, ನಡುವೆ ಪೋಪ್ ಎರಡನೇ ಜಾನ್ ಪಾಲ್ ಅವರ ಚಿತ್ರ. ಅವರು ಪೋಲೆಂಡಿನವರೇ. ಹಿಂದಿನ ವರ್ಷ ಜೂನಿನಲ್ಲಿ ತಾಯ್ನಾಡಿಗೆ ಬಂದಾಗ ಲಕ್ಷಗಟ್ಟಲೆ ಜನ ಸೇರಿದ್ದರು. ನಾವು ಇಷ್ಟೊಂದು ಜನ ಇದ್ದೇವಾ ಎಂದು ಜನಕ್ಕೆ ಮೊದಲ ಸಲ ಕಣ್ಣಿಗೆ ಕಂಡದ್ದು ಆಗ. ವಾರ್ಸಾದಿಂದ ತಾದೆವುಷ್ ಮಜೊವ್ಯೆಟ್ಸ್ಕಿ, ಬ್ರೊನಿಸ್ವಾಫ್ ಗೆರೆಮೆಕ್ ಮುಂತಾದ ಓದುಬರಹದವರು ಸಲಹೆ ಕೊಡಲು ಬಂದರು. ಉಪಪ್ರಧಾನಿ ಯಾಗ್ಯೆಲ್ಸ್ಕಿ ಮಾತುಕತೆಗೆ ಶಿಪ್‌ಯಾರ್ಡಿಗೇ ಬರಬೇಕಾಯಿತು. ಅಲ್ಲಿ ಒಂದು ಸಣ್ಣ ವಿಷಯ ನನಗೆ ಬಹಳ ಇಷ್ಟ. ಮಾತುಕತೆಯನ್ನು ಧ್ವನಿವರ್ಧಕದಲ್ಲಿ ಇಡೀ ಅಂಗಳಕ್ಕೆ ಕೇಳಿಸಿದರು. ಹುಲ್ಲಿನ ಮೇಲೆ ಕೂತ ಕೆಲಸಗಾರರು ಸಚಿವರ ಒಂದೊಂದು ಮಾತನ್ನೂ ಕೇಳಿಸಿಕೊಂಡರು. ಮುಚ್ಚಿದ ಬಾಗಿಲ ಹಿಂದೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಜಾಗವೇ ಇರಲಿಲ್ಲ.

ಆಗಸ್ಟ್ 31ರಂದು ಸ್ವತಂತ್ರ ಯೂನಿಯನ್ನಿಗೆ ಸರ್ಕಾರ ಒಪ್ಪಿದ ಒಪ್ಪಂದಕ್ಕೆ ಸಹಿ. ಜಾಗ ಬಿಎಚ್‌ಪಿ ಹಾಲ್, ಅಂದರೆ ಕೆಲಸದ ಸುರಕ್ಷತೆಯ ತರಬೇತಿ ಕೊಡುವ ಸಾಮಾನ್ಯ ಸಭಾಂಗಣ. ವಾವೆನ್ಸಾ ಸಹಿ ಹಾಕಿದ್ದು ಪೋಪರ ಚಿತ್ರವಿದ್ದ, ಜಾತ್ರೆಯಲ್ಲಿ ಮಾರುವಂಥ ದೊಡ್ಡ ಪೆನ್ನಿನಲ್ಲಿ. ಯೂನಿಯನ್ನಿನ ಸದಸ್ಯರು ಕೆಲವೇ ತಿಂಗಳಲ್ಲಿ ಸುಮಾರು ಒಂದು ಕೋಟಿ. ದೇಶದ ಜನಸಂಖ್ಯೆ ಆಗ ಮೂರೂವರೆ ಕೋಟಿ. ಮಕ್ಕಳು ಮುದುಕರನ್ನು ಬಿಟ್ಟು ಲೆಕ್ಕ ಹಾಕಿ ನೋಡಿ.

ಆ ಡಿಸೆಂಬರ್ 16ಕ್ಕೆ ಮೂರು ಶಿಲುಬೆಗಳ ಸ್ಮಾರಕ ಎದ್ದು ನಿಂತಿತು. 42 ಮೀಟರ್ ಎತ್ತರ, ಮೇಲೆ ಲಂಗರುಗಳು. ಶಿಪ್‌ಯಾರ್ಡಿನವರೇ ಕಬ್ಬಿಣ ಕತ್ತರಿಸಿ, ಬೆಸೆದು ನಿಲ್ಲಿಸಿದರು. ಕಲ್ಲು ತನ್ನಿ ಎಂದ ಮಾತಿಗೆ ಹೆಚ್ಚುಕಡಿಮೆ ಒಂದು ವರ್ಷ. ಅದರ ಮೇಲೆ ಚೆಸ್ವಾಫ್ ಮಿವೋಶ್ ಅವರ ಕವನದ ಸಾಲುಗಳಿವೆ. ಅವರ ಬರಹಕ್ಕೆ ದೇಶದೊಳಗೆ ವರ್ಷಗಟ್ಟಲೆ ನಿಷೇಧವಿತ್ತು. ಅದೇ ವರ್ಷ ನೊಬೆಲ್ ಬಂದಿತ್ತು. ಕಮ್ಯುನಿಸ್ಟ್ ಸರ್ಕಾರವೊಂದು ತಾನೇ ಕೊಂದವರಿಗೆ, ತಾನು ಅಧಿಕಾರದಲ್ಲಿ ಇರುವಾಗಲೇ, ಇಷ್ಟು ಎತ್ತರದ ಸ್ಮಾರಕ ಏಳಲು ಬಿಡಬೇಕಾಯಿತು. ಹೀಗಾಗಿದ್ದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಖುಷಿ ಬಹಳ ದಿನ ಉಳಿಯಲಿಲ್ಲ. 1981ರ ಡಿಸೆಂಬರ್ 13, ಭಾನುವಾರ. ಮಕ್ಕಳು ಎದ್ದು ಟಿವಿ ಹಾಕಿದರೆ ಅವರ ಕಾರ್ಯಕ್ರಮ ಇಲ್ಲ, ಸರ್ಕಾರದ ಮುಖ್ಯಸ್ಥ ಜನರಲ್ ಯಾರುಜೆಲ್ಸ್ಕಿ ಮಿಲಿಟರಿ ಬಟ್ಟೆಯಲ್ಲಿ ಕೂತು ಸೈನಿಕ ಆಳ್ವಿಕೆ ಘೋಷಿಸುತ್ತಿದ್ದಾರೆ. ಫೋನುಗಳು ಸತ್ತಿದ್ದವು. ಸಾವಿರಾರು ಜನರನ್ನು ರಾತ್ರಿಯೇ ಎತ್ತಿಕೊಂಡು ಹೋಗಿದ್ದರು. ಮೂರು ದಿನದ ನಂತರ, ಸ್ಮಾರಕ ನಿಂತು ಸರಿಯಾಗಿ ವರ್ಷ ತುಂಬಿದ ದಿನವೇ, ಟ್ಯಾಂಕು ನುಗ್ಗಿಸಿ ಅದೇ 2ನೇ ಗೇಟನ್ನು ಒಡೆದರು. ಅದೇ ದಿನ ದಕ್ಷಿಣದ ವುಯೆಕ್ ಕಲ್ಲಿದ್ದಲು ಗಣಿಯಲ್ಲಿ ಒಂಬತ್ತು ಗಣಿ ಕೆಲಸಗಾರರು ಗುಂಡಿಗೆ ಬಲಿಯಾದರು.

ಮುಂದಿನ ಏಳು ವರ್ಷಗಳ ವಿಷಯ ಬರೆದರೆ ಪುಸ್ತಕವಾಗುತ್ತದೆ. ಜನ ಹೇಗೆ ತಡೆದುಕೊಂಡರು ಎಂಬುದಕ್ಕೆ ಎರಡೇ ಮಾತು ಹೇಳುತ್ತೇನೆ. ಶ್ವಿದ್ನಿಕ್ ಎಂಬ ಊರಿನಲ್ಲಿ ಸಂಜೆ ಏಳೂವರೆಗೆ ಸರ್ಕಾರಿ ವಾರ್ತೆ ಶುರುವಾದ ಕೂಡಲೇ ಜನರೆಲ್ಲ ಮನೆಯಿಂದ ಹೊರಬಂದು ವಾಕಿಂಗ್ ಹೊರಡುತ್ತಿದ್ದರು. ಕೆಲವರು ಟಿವಿಯನ್ನು ಬೀದಿಗೆ ಮುಖಮಾಡಿ ಕಿಟಕಿಯಲ್ಲಿಟ್ಟು ಬರುತ್ತಿದ್ದರು. ಸುಮ್ಮನೆ ನಡೆಯುವವರನ್ನು ಯಾವ ಕಾಯ್ದೆಯಲ್ಲಿ ಹಿಡಿಯುವುದು? ಕೊನೆಗೆ ಕರ್ಫ್ಯೂವನ್ನೇ ಬೇಗ ಶುರುವಾಗುವ ಹಾಗೆ ಮಾಡಿದರು. ಇನ್ನು ಕೆಲವರು ರೇಡಿಯೊ ಒಳಗಿನ ಸಣ್ಣ ರೆಸಿಸ್ಟರನ್ನು ಬಿಚ್ಚಿ ಕೋಟಿಗೆ ಸಿಕ್ಕಿಸಿಕೊಂಡರು. ಪೋಲಿಷ್‌ನಲ್ಲಿ ಆ ಬಿಡಿಭಾಗದ ಹೆಸರಿನೊಳಗೇ 'ಪ್ರತಿರೋಧ' ಎಂಬ ಪದ ಅಡಗಿದೆ. ನೀವು ಎಲೆಕ್ಟ್ರಾನಿಕ್ಸ್ ಓದಿದವರಾದರೆ ಇದು ನಿಮಗೆ ಜಾಸ್ತಿ ಇಷ್ಟವಾಗಬೇಕು. 1983ರಲ್ಲಿ ವಾವೆನ್ಸಾಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹೊರಗೆ ಹೋದರೆ ವಾಪಸ್ ಬಿಟ್ಟುಕೊಳ್ಳಲಿಕ್ಕಿಲ್ಲ ಎಂಬ ಭಯಕ್ಕೆ ಹೆಂಡತಿ ದಾನುತಾ ಮತ್ತು ಮಗನನ್ನು ಕಳಿಸಿದರು.

1988ರಲ್ಲಿ ಮತ್ತೆ ಮುಷ್ಕರಗಳು. ಈ ಸಲ ಮುಂದೆ ನಿಂತವರು 1980ರಲ್ಲಿ ಸ್ಕೂಲಿಗೆ ಹೋಗುತ್ತಿದ್ದ ಹುಡುಗರು. ಸರ್ಕಾರದ ಬೊಕ್ಕಸ ಖಾಲಿ, ಮಾಸ್ಕೋದಲ್ಲಿ ಬಿಗಿ ಸಡಿಲಿಸುತ್ತಿದ್ದ ಸೋವಿಯತ್ ನಾಯಕ ಗೋರ್ಬಚೇವ್. 1989ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸರ್ಕಾರ ಮತ್ತು ಸೊಲಿದಾರ್ನೋಶ್ಚ್ ನಡುವೆ ದುಂಡುಮೇಜಿನ ಮಾತುಕತೆ. ಕೆಳಮನೆಯ 460 ಸ್ಥಾನಗಳಲ್ಲಿ 161ಕ್ಕೆ, ಮೇಲ್ಮನೆಯ 100ಕ್ಕೆ 100 ಸ್ಥಾನಕ್ಕೂ ಮುಕ್ತ ಚುನಾವಣೆ ಎಂದು ತೀರ್ಮಾನವಾಯಿತು. ಜೂನ್ 4ರಂದು ಓಟು, ಎರಡು ವಾರ ಬಿಟ್ಟು ಎರಡನೇ ಸುತ್ತು. ಸೊಲಿದಾರ್ನೋಶ್ಚ್ ಕಡೆಯವರು 161ರಲ್ಲಿ 161, ನೂರರಲ್ಲಿ 99 ಗೆದ್ದರು. ಇದಕ್ಕಿಂತ ಮಜಾ ಇನ್ನೊಂದಿದೆ. ಸರ್ಕಾರದ 35 ದೊಡ್ಡವರಿಗೆ ಎದುರಾಳಿಯೇ ಇಲ್ಲದ ಒಂದು ಪಟ್ಟಿ ಇತ್ತು. ಅರ್ಧಕ್ಕಿಂತ ಜಾಸ್ತಿ ಓಟು ಬಂದರೆ ಸಾಕು. ಜನ ಪೆನ್ನು ಹಿಡಿದು ಕೂತು ಒಂದೊಂದೇ ಹೆಸರು ಹೊಡೆದುಹಾಕಿದರು. ಎದುರಾಳಿ ಇಲ್ಲದ ಚುನಾವಣೆಯಲ್ಲಿ 33 ಜನ ಸೋತರು! ಆಗಸ್ಟಿನಲ್ಲಿ ಮಜೊವ್ಯೆಟ್ಸ್ಕಿ ಪ್ರಧಾನಿಯಾದರು. ಶಿಪ್‌ಯಾರ್ಡಿಗೆ ಸಲಹೆ ಕೊಡಲು ಬಂದಿದ್ದರಲ್ಲ, ಅವರೇ. ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. 1990ರ ಜನವರಿಯಿಂದ ಮಾರುಕಟ್ಟೆ ಸುಧಾರಣೆ ಬಂತು. ಅಂಗಡಿ ತುಂಬಿತು, ಜೇಬು ಖಾಲಿಯಾಯಿತು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1996ರಲ್ಲಿ ಆ ಶಿಪ್‌ಯಾರ್ಡೇ ದಿವಾಳಿಯಾಯಿತು. ಪ್ರಜಾಪ್ರಭುತ್ವ ತಂದವರ ಕೈಯಲ್ಲೇ ಕೆಲಸ ಉಳಿಯಲಿಲ್ಲ. ಗ್ದಾನ್ಸ್ಕ್‌ನಲ್ಲಿ ವಯಸ್ಸಾದವರ ಎದುರು ಸೊಲಿದಾರ್ನೋಶ್ಚ್ ಹೊಗಳಿ ನೋಡಿ. ಒಬ್ಬರ ಕಣ್ಣು ತುಂಬುತ್ತದೆ, ಇನ್ನೊಬ್ಬರ ಮುಖ ಗಂಟಾಗುತ್ತದೆ. ಎರಡಕ್ಕೂ ಕಾರಣವಿದೆ.

ಒಳಗಿನ ಜಗಳಗಳೂ ಕಡಿಮೆ ಇಲ್ಲ. ಆನ್ನಾ ಮತ್ತು ವಾವೆನ್ಸಾ ಮುಖ ನೋಡದ ಹಾಗಾದರು. ವಾವೆನ್ಸಾ 70ರ ದಶಕದ ಆರಂಭದಲ್ಲಿ ರಹಸ್ಯ ಪೊಲೀಸರಿಗೆ ಮಾಹಿತಿ ಕೊಟ್ಟಿದ್ದರು ಎಂಬ ಆರೋಪವಿದೆ. 2000ದಲ್ಲಿ ಕೋರ್ಟು ಅವರ ಪರ ಹೇಳಿತು. 2017ರಲ್ಲಿ ಸರ್ಕಾರಿ ಸಂಸ್ಥೆಯೊಂದು ಕಾಗದದ ಮೇಲಿನ ಕೈಬರಹ ಅವರದೇ ಎಂದಿತು. ಅವರು ಅಲ್ಲ ಎನ್ನುತ್ತಾರೆ. ಆನ್ನಾ 2010ರ ಏಪ್ರಿಲ್‌ನಲ್ಲಿ ಸ್ಮೊಲೆನ್ಸ್ಕ್ ವಿಮಾನ ದುರಂತದಲ್ಲಿ ದೇಶದ ಅಧ್ಯಕ್ಷರ ಜೊತೆ ತೀರಿಕೊಂಡರು. ಪೋಲೆಂಡಿನ ರಾಜಕೀಯದ ಎರಡು ಬಣಗಳೂ ಈ ಪರಂಪರೆ ತಮ್ಮದು ಎನ್ನುತ್ತವೆ. ಆಗಸ್ಟ್ 31ರಂದು ಬೇರೆ ಬೇರೆ ಸಭೆ ನಡೆಯುವ ವರ್ಷಗಳೂ ಉಂಟು. ಅದರಲ್ಲಿ ನೀವು ಸಿಕ್ಕಿಹಾಕಿಕೊಳ್ಳಬೇಡಿ. ಭಾಷಣಗಳ ಹೊತ್ತು ಬಿಟ್ಟು ಬೆಳಿಗ್ಗೆ ಬೇಗ ಹೋಗಿ.

ಮೊದಲು 2ನೇ ಗೇಟು. ಪಕ್ಕದಲ್ಲೇ ತುಕ್ಕು ಬಣ್ಣದ ದೊಡ್ಡ ಕಟ್ಟಡ ಇದೆಯಲ್ಲ, ಹಡಗಿನ ಮೈಯಂತೆ ಕಾಣುವುದು, ಅದು 2014ರಲ್ಲಿ ತೆರೆದ ಯುರೋಪಿಯನ್ ಸೊಲಿಡಾರಿಟಿ ಸೆಂಟರ್. ಮೊದಲ ಕೋಣೆಯ ಚಾವಣಿ ತುಂಬಾ ಕೆಲಸಗಾರರ ಹಳದಿ ಹೆಲ್ಮೆಟ್ಟುಗಳು. ಆನ್ನಾ ಓಡಿಸುತ್ತಿದ್ದಂಥ ಕ್ರೇನಿನ ಚಿಕ್ಕ ಕ್ಯಾಬಿನ್ ಕೂಡ ಇದೆ. ಬಿಎಚ್‌ಪಿ ಹಾಲ್ ಸ್ವಲ್ಪ ಒಳಗೆ ನಡೆದರೆ ಸಿಗುತ್ತದೆ. ಕೊನೆಗೆ ಶಿಲುಬೆಗಳ ಹತ್ತಿರ ಬನ್ನಿ. ಅಲ್ಲಿ 1970ರಲ್ಲಿ ಸತ್ತವರ ಹೆಸರುಗಳಿವೆ. ಹೆಸರಿನ ಜೊತೆ ವಯಸ್ಸನ್ನೂ ನೋಡಿ. ಬಹಳಷ್ಟು ಹುಡುಗರು.

ಹೂವು ಬಿಳಿ, ಕೆಂಪು ಇರಲಿ. ಅದು ಅವರ ಬಾವುಟದ ಬಣ್ಣ. ಅದಕ್ಕಿಂತ ಒಂದು ದೀಪ ತೆಗೆದುಕೊಂಡು ಹೋದರೆ ಇನ್ನೂ ಚೆನ್ನ. ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, 'ಜ್ನಿಚ್' ಎಂದು ಕೇಳಿ. ಗಾಜಿನ ಲೋಟದೊಳಗೆ ಮೇಣ ತುಂಬಿದ ದೀಪ, ಸಮಾಧಿಗಳ ಮೇಲೆ ಇಡುವುದು. ಆನ್ನಾ ಆರಿಸುತ್ತಿದ್ದದ್ದು ಇಂಥ ದೀಪಗಳಲ್ಲಿ ಉಳಿದ ಮೇಣವನ್ನೇ. ಅಪ್ಪ ಇದ್ದರೆ ವಿಡಿಯೊ ಕರೆ ಮಾಡಿ ತೋರಿಸಿ, ಅವರ ಗೇಟಿನ ಕಥೆಯನ್ನೂ ಅಲ್ಲೇ ನಿಂತು ಕೇಳಿ. ಮುಚ್ಚಳ ಇರುವ ದೀಪವನ್ನೇ ಕೊಳ್ಳಿ, ಸಮುದ್ರದ ಗಾಳಿಗೆ ಬರೀ ಬತ್ತಿ ನಿಲ್ಲುವುದಿಲ್ಲ.